ನಿಜ ಸಂಖ್ಯೆ, ಸುಳ್ಳು ಸಾಕ್ಷಿ



ಸುಳ್ಳು ಸಾಕ್ಷಿ ಹೇಳಬಾರದೆಂಬುದು ದೇವರ ಹತ್ತು ಕಟ್ಟಳೆಗಳಲ್ಲಿ ಎಂಟನೆಯದು. ಚಿಕ್ಕಂದಿನಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಇದನ್ನು ಬಾಯಿಪಾಠ ಮಾಡದವರು ನಮ್ಮಲ್ಲಿ ವಿರಳ. ಸುಳ್ಳು ಸಾಕ್ಷಿ ಎಂದೊಡನೆ, ಹಣ ಪಡೆದು ಕಟಕಟೆಯಲ್ಲಿ ನಿಂತು, ಆಗದ್ದನ್ನು ಆಯಿತೆನ್ನುವ ಮನುಷ್ಯ ನಮ್ಮ ಕಣ್ಣಮುಂದೆ ಬರುತ್ತಾನೆ. ಆದರೆ ಹಣದಾಸೆಯಿಲ್ಲದ, ಸುಳ್ಳಾಡುವ ಉದ್ದೇಶವೂ ಇಲ್ಲದ ಒಬ್ಬ ವಿದ್ವಾಂಸ, ಅಚ್ಚಾದ ವರದಿಯೊಂದರ ಅಂಕಿಯನ್ನು ಹಿಡಿದುಕೊಂಡು ತಪ್ಪು ಸಾಕ್ಷಿ ನುಡಿಯಬಹುದೇ? ನುಡಿಯಬಹುದು. ನುಡಿದದ್ದೂ ಉಂಟು.

ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ವೃತ್ತಿಯಲ್ಲಿ ವಕೀಲೆ. ಅವರ ಮೊದಲ ಗಂಡುಮಗು 1996ರಲ್ಲಿ, ಎರಡನೆಯದು 1998ರಲ್ಲಿ, ಮೂರು ತಿಂಗಳು ತುಂಬುವ ಮೊದಲೇ ತೀರಿಕೊಂಡವು. ತಾಯಿಯೇ ಕೊಂದಳೆಂದು ಮೊಕದ್ದಮೆಯಾಯಿತು. 1999ರಲ್ಲಿ ನಡೆದ ವಿಚಾರಣೆಯಲ್ಲಿ ಹೆಸರಾಂತ ಮಕ್ಕಳ ವೈದ್ಯ ರಾಯ್ ಮೆಡೋ ಸಾಕ್ಷಿ ನುಡಿದರು. ಇಂಥ ಅನುಕೂಲಸ್ಥ, ಧೂಮಪಾನವಿಲ್ಲದ ಕುಟುಂಬದಲ್ಲಿ ಎಳೆಗೂಸೊಂದು ಕಾರಣ ತಿಳಿಯದೆ ಹಠಾತ್ತನೆ ಸಾಯುವ ಸಂಭವ 8,543ರಲ್ಲಿ ಒಂದು; ಆದ್ದರಿಂದ ಎರಡು ಮಕ್ಕಳು ಹಾಗೆ ಸಾಯುವ ಸಂಭವ ಸುಮಾರು 7 ಕೋಟಿ 30 ಲಕ್ಷದಲ್ಲಿ ಒಂದು ಎಂಬುದು ಅವರ ಲೆಕ್ಕ. 8,543ನ್ನು ಮತ್ತೆ 8,543ರಿಂದ ಗುಣಿಸಿದರೆ ಬರುವ ಸಂಖ್ಯೆ ಅದು. ತಾಯಿಗೆ ಜೀವಾವಧಿ ಶಿಕ್ಷೆಯಾಯಿತು.

ಗುಣಾಕಾರದಲ್ಲಿ ತಪ್ಪಿಲ್ಲ. ಗುಣಿಸಿದ್ದೇ ತಪ್ಪು. ಎರಡು ಘಟನೆಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದಾಗ ಮಾತ್ರ ಹಾಗೆ ಗುಣಿಸಬಹುದು. ಒಂದೇ ಮರದ ಎರಡು ಮಾವಿನಹಣ್ಣುಗಳನ್ನು ನೆನೆಯಿರಿ. ಮೊದಲನೆಯದು ಹುಳಿಯಾದರೆ ಎರಡನೆಯದೂ ಹುಳಿಯಿರಬಹುದೆಂದು ಮಕ್ಕಳಿಗೂ ಗೊತ್ತು. ಒಂದೇ ತಾಯಿತಂದೆಯ ರಕ್ತ, ಒಂದೇ ಮನೆಯ ಗಾಳಿ ಹಂಚಿಕೊಂಡ ಅಣ್ಣತಮ್ಮಂದಿರಲ್ಲಿ ಒಂದೇ ಬಗೆಯ ದೌರ್ಬಲ್ಯ ಅಡಗಿರಬಹುದಲ್ಲವೇ?

ಎರಡನೆಯ ತಪ್ಪು ಇನ್ನೂ ಸೂಕ್ಷ್ಮ. ಕೇರಳದ ಬಂಪರ್ ಲಾಟರಿಯ ಮೊದಲ ಬಹುಮಾನ ಇಂಥವನಿಗೇ ಬರುವ ಸಂಭವ ಲಕ್ಷಾಂತರದಲ್ಲಿ ಒಂದು. ಹಾಗೆಂದು ಗೆದ್ದವನು ಮೋಸದಿಂದಲೇ ಗೆದ್ದನೆಂದು ಜೈಲಿಗೆ ಕಳುಹಿಸುತ್ತೇವೆಯೇ? ಅಪರೂಪದ್ದು ನಡೆಯುವುದಿಲ್ಲವೆಂದೇನೂ ಇಲ್ಲ. ಹೆತ್ತ ತಾಯಿ ತನ್ನ ಎರಡು ಹಸುಗೂಸುಗಳನ್ನು ಕೊಲ್ಲುವುದೂ ಅತ್ಯಂತ ಅಪರೂಪವೇ. ಎರಡು ಅಪರೂಪಗಳಲ್ಲಿ ಯಾವುದು ನಡೆದಿರುವ ಸಂಭವ ಹೆಚ್ಚು ಎಂದು ತೂಗಬೇಕಾಗಿತ್ತು. ಒಂದನ್ನು ಮಾತ್ರ ತಕ್ಕಡಿಯಲ್ಲಿಟ್ಟು, ಇನ್ನೊಂದು ತಟ್ಟೆಯನ್ನು ಖಾಲಿ ಬಿಡಲಾಯಿತು.

ಇಂಗ್ಲೆಂಡಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ 2001ರಲ್ಲಿ ಈ ಲೆಕ್ಕಕ್ಕೆ ಆಧಾರವಿಲ್ಲವೆಂದು ಬಹಿರಂಗವಾಗಿ ಹೇಳಿತು. ಎರಡನೆಯ ಮಗುವಿಗೆ ಸೋಂಕು ತಗಲಿದ್ದ ಸುಳಿವು ನೀಡುವ ಪ್ರಯೋಗಾಲಯದ ವರದಿಯೊಂದು ಆರೋಪಿಯ ಪರ ವಕೀಲರ ಕೈಗೆ ಬಂದೇ ಇರಲಿಲ್ಲ ಎಂಬುದೂ ಬೆಳಕಿಗೆ ಬಂತು. 2003ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಮಕ್ಕಳನ್ನು ಕಳೆದುಕೊಂಡು, ಕೊಲೆಗಾತಿಯೆನಿಸಿಕೊಂಡು, ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ ಆ ತಾಯಿ ಚೇತರಿಸಿಕೊಳ್ಳಲೇ ಇಲ್ಲ. 2007ರಲ್ಲಿ, 42ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇಲ್ಲಿ ನಮ್ಮ ಮುಂದೆ ಒಂದು ನೈತಿಕ ಪ್ರಶ್ನೆ ಏಳುತ್ತದೆ. ಆ ವೈದ್ಯರು ಸುಳ್ಳುಗಾರರೇ? ವಂಚಿಸುವ ಸಂಕಲ್ಪವಿದ್ದಾಗಲೇ ಮಾತು ಸುಳ್ಳಾಗುತ್ತದೆಂದು ಸಂತ ಅಗಸ್ಟೀನರು ಬೋಧಿಸಿದರು. ಆ ಅರ್ಥದಲ್ಲಿ ಅವರು ಸುಳ್ಳು ಹೇಳಲಿಲ್ಲ. ಆದರೆ ಸಂತ ತೋಮಾಸ್ ಅಕ್ವಿನಾಸರು ಸತ್ಯನಿಷ್ಠೆಯನ್ನು ನ್ಯಾಯವೆಂಬ ಸದ್ಗುಣದ ಜೊತೆಗೆ ಸೇರಿಸಿದ್ದಾರೆ. ಸತ್ಯ ಹೇಳುವುದು ನೆರೆಯವರಿಗೆ ನಾವು ಸಲ್ಲಿಸಬೇಕಾದ ಸಾಲವಿದ್ದಂತೆ. ಸಾಲ ತೀರಿಸುವವನಿಗೆ ಒಳ್ಳೆಯ ಮನಸ್ಸಿದ್ದರೆ ಸಾಲದು, ನಾಣ್ಯವೂ ಸಾಚಾ ಇರಬೇಕು. ನಮ್ಮ ಮಾತಿನಿಂದ ಒಬ್ಬರ ಮಾನವೋ ಪ್ರಾಣವೋ ಹೋಗುವಂತಿದ್ದರೆ, ನಮಗೆ ತಿಳಿದಷ್ಟನ್ನೇ ಹೇಳುವುದು, ತಿಳಿಯದ ಕಡೆ ನಿಲ್ಲುವುದು ಕರ್ತವ್ಯವಾಗುತ್ತದೆ.

ತಿಳಿದೂ ಮರೆಮಾಡುವವರ ವಿಷಯ ಬೇರೆ. ಹದಿನೇಳನೆಯ ಶತಮಾನದಲ್ಲಿ ಕೆಲವು ದೈವಶಾಸ್ತ್ರಜ್ಞರು ಒಂದು ಜಾಣತನದ ವಾದ ಹೂಡಿದ್ದರು. ನೀನು ಇದನ್ನು ಮಾಡಿದೆಯಾ ಎಂದು ಕೇಳಿದಾಗ ಬಾಯಲ್ಲಿ "ಇಲ್ಲ" ಎಂದು, ಮನಸ್ಸಿನಲ್ಲಿ "ಇವತ್ತು" ಎಂದು ಸೇರಿಸಿಕೊಂಡರೆ ಅದು ಸುಳ್ಳಾಗದು ಎಂಬುದು ಆ ವಾದದ ತಿರುಳು. ಜಗದ್ಗುರು ಹನ್ನೊಂದನೆಯ ಇನ್ನೊಸೆಂಟರು 1679ರಲ್ಲಿ ಇಂಥ ವಾದಗಳನ್ನು ಖಂಡಿಸಿದರು. ಇಂದು ಅದೇ ಜಾಣತನ ಅಂಕಿ ಅಂಶಗಳ ವೇಷದಲ್ಲಿ ಬರುತ್ತದೆ. ಶೇಕಡಾ ನೂರು ಏರಿಕೆ ಎಂದು ಬಾಯಲ್ಲಿ ಹೇಳಿ, ಯಾವುದರ ಮೇಲೆ ನೂರು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದೂ ಅದೇ ಜಾತಿಯದು.

ಇದರಿಂದಾಗುವ ಹಾನಿಗೆ ಒಂದು ಉದಾಹರಣೆ ನೋಡಿ. 1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, ಹೊಸ ಬಗೆಯ ಕೆಲವು ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಇಮ್ಮಡಿಯಾಗುತ್ತದೆಂದು ಎಚ್ಚರಿಸಿತು. ಪತ್ರಿಕೆಗಳು, ಟಿ.ವಿ. ಇದನ್ನೇ ಸಾರಿದವು. ಇಮ್ಮಡಿ ಎಂದರೆ ಎಷ್ಟು? ಹಳೆಯ ಮಾತ್ರೆಯಲ್ಲಿ 7,000 ಹೆಂಗಸರಲ್ಲಿ ಒಬ್ಬರಿಗೆ, ಹೊಸದರಲ್ಲಿ 7,000ಕ್ಕೆ ಇಬ್ಬರಿಗೆ. ಗರ್ಭಿಣಿಯಾದಾಗಲೂ ಆ ಅಪಾಯ ಇರುತ್ತದೆ, ಮಾತ್ರೆಯದಕ್ಕಿಂತ ಹೆಚ್ಚೇ ಇರುತ್ತದೆ. ಇದಾವುದೂ ಜನರಿಗೆ ಸರಿಯಾಗಿ ತಲುಪಲಿಲ್ಲ. ಅನೇಕರು ಗಾಬರಿಯಿಂದ ಮಾತ್ರೆ ನಿಲ್ಲಿಸಿದರು. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವೆಂದು ಅಂದಾಜು. ಗರ್ಭನಿರೋಧಕಗಳ ಕುರಿತು ಧರ್ಮಸಭೆಯ ಬೋಧನೆ ನಿಮಗೆ ತಿಳಿದೇ ಇದೆ. ಇಲ್ಲಿ ನಾನು ಹೇಳಹೊರಟದ್ದು ಇಷ್ಟೇ: ಅರ್ಧ ಹೇಳಿದ ಒಂದು ನಿಜ ಇನ್ನೂ ಹುಟ್ಟದ ಅಷ್ಟೊಂದು ಜೀವಗಳಿಗೆ ಎರವಾಯಿತು.

ಇದೆಲ್ಲ ದೂರದ ದೇಶದ ಮಾತೆನ್ನಬೇಡಿ. ನಮ್ಮ ಊರಿನಲ್ಲೂ ಫಲಿತಾಂಶದ ದಿನ ಶಾಲೆಯ ಗೇಟಿಗೆ "ಎಸ್.ಎಸ್.ಎಲ್.ಸಿ.ಯಲ್ಲಿ ನೂರಕ್ಕೆ ನೂರು" ಎಂಬ ಬ್ಯಾನರ್ ಏರುತ್ತದೆ. ಶ್ರಮದಿಂದ ಗಳಿಸಿದ್ದಾದರೆ ಸಂತೋಷ. ಆದರೆ ಹಿಂದುಳಿದ ಮಕ್ಕಳನ್ನು ಒಂಬತ್ತನೆಯ ತರಗತಿಯಲ್ಲೇ ತಡೆದು, ಇಲ್ಲವೇ ಟಿ.ಸಿ. ಕೊಟ್ಟು ಕಳುಹಿಸಿ ಗಳಿಸಿದ ನೂರಾದರೆ? ಸಂಖ್ಯೆ ನಿಜವೇ. ಆದರೆ ಅದರೊಳಗೆ ಮನೆಗೆ ಮರಳಿದ ಮಗುವಿನ ಕಣ್ಣೀರಿಗೆ ಜಾಗವಿಲ್ಲ. ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿ ಹೊರಟ ಕುರುಬನ ಸಾಮತಿಯನ್ನು ಓದುವ ನಾವು, ತೊಂಬತ್ತೊಂಬತ್ತರ ಹೆಸರು ಉಳಿಯಲೆಂದು ಒಂದನ್ನು ದೊಡ್ಡಿಯಿಂದ ಹೊರಗಟ್ಟಬಹುದೇ?

ಹಾಗಾದರೆ ಅಂಕಿ ಅಂಶಗಳನ್ನು ನಂಬಲೇಬಾರದೇ? ಹಾಗಲ್ಲ. ನಮ್ಮ ದೇಶದ ಜನಗಣತಿಯನ್ನೇ ನೋಡಿ. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಹೆಣ್ಣುಮಕ್ಕಳಿದ್ದರು, 2001ರಲ್ಲಿ 927, 2011ರಲ್ಲಿ 920ಕ್ಕೂ ಕೆಳಗೆ. ಗರ್ಭದಲ್ಲೇ ಇಲ್ಲವಾದ ಮಗಳು ಬೀದಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅವಳಿಗೆ ಹೆಸರಿಲ್ಲ, ಸಮಾಧಿಯಿಲ್ಲ. ಅವಳ ಪರವಾಗಿ ಸಾಕ್ಷಿ ಹೇಳಿದ್ದು ಸಂಖ್ಯೆಯೊಂದೇ. ಪ್ರಾಮಾಣಿಕವಾಗಿ ಎಣಿಸುವುದು ಬಾಯಿಲ್ಲದವರಿಗೆ ಬಾಯಿ ಕೊಡುವ ಕೆಲಸ. ಆದ್ದರಿಂದಲೇ ಅಂಕಿಗಳನ್ನು ತಿರುಚುವುದು ಅಷ್ಟು ದೊಡ್ಡ ತಪ್ಪು.

ಒಳ್ಳೆಯ ಉದ್ದೇಶಕ್ಕಾಗಿ ಸ್ವಲ್ಪ ಉಬ್ಬಿಸಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಕುಡಿತದ ವಿರುದ್ಧವೋ ಬಡವರ ಪರವೋ ಮಾತನಾಡುವಾಗ ಹತ್ತನ್ನು ನೂರೆನ್ನುವ ಆಸೆ ಎಲ್ಲರಿಗೂ ಬರುತ್ತದೆ. ಗುರಿ ಒಳ್ಳೆಯದೆಂದು ಕೆಟ್ಟ ದಾರಿ ಒಳ್ಳೆಯದಾಗದು. ಅಲ್ಲದೆ ಉಬ್ಬಿಸಿದ ನೂರು ಬಯಲಾದ ದಿನ, ನಿಜವಾಗಿ ನೊಂದ ಹತ್ತು ಜನರನ್ನೂ ಲೋಕ ನಂಬುವುದಿಲ್ಲ.

ನಮ್ಮ ಮನೆಗಳಲ್ಲಿ ಏನು ಮಾಡಬಹುದು? ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕೆನ್ನುತ್ತೇವೆ. ಆದರೆ ಅಡುಗೆ ಬಲ್ಲ ತಾಯಿ ಮೊದಲು ಸೌಟಿನಿಂದ ಕೆಳಗೆ ಮೇಲೆ ಮಾಡಿ, ಆಮೇಲೆ ಅಗುಳು ಹಿಸುಕುತ್ತಾಳೆ. ಅದೇ ಎಚ್ಚರ ನಮಗೂ ಇರಲಿ. ಪತ್ರಿಕೆಯಲ್ಲಿ, ಟಿ.ವಿ.ಯಲ್ಲಿ, ವಾಟ್ಸಾಪಿನಲ್ಲಿ ಒಂದು ಸಂಖ್ಯೆ ಬಂದಾಗ ಮೂರು ಪ್ರಶ್ನೆ ಕೇಳೋಣ. ಎಷ್ಟರಲ್ಲಿ ಎಷ್ಟು? ಎಣಿಸಿದವರು ಯಾರು, ಅಗುಳನ್ನು ಎಲ್ಲಿಂದ ತೆಗೆದರು? ಲೆಕ್ಕದಿಂದ ಹೊರಗುಳಿದವರು ಯಾರು? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರು, ಕೇಳಿದ್ದನ್ನು ಪ್ರಮಾಣಿಸದೆ ಹಂಚುವುದನ್ನು ಒಪ್ಪುತ್ತಿದ್ದರೇ?

ಅದರಲ್ಲೂ ಇನ್ನೊಂದು ಜಾತಿಯವರ, ಇನ್ನೊಂದು ಧರ್ಮದವರ ಮೇಲೆ ತಪ್ಪು ಹೊರಿಸುವ ಅಂಕಿ ಬಂದಾಗ, ಮತ್ತು ನಮಗೆ ಹಿತವೆನಿಸುವ ಅಂಕಿ ಬಂದಾಗ, ಎರಡು ಪಟ್ಟು ಎಚ್ಚರವಿರಲಿ. ನಮಗೆ ಬೇಡವಾದ ಸಂಖ್ಯೆಯನ್ನು ಪರೀಕ್ಷಿಸಲು ಯಾರೂ ನೆನಪಿಸಬೇಕಿಲ್ಲ. ಬೇಕಾದದ್ದನ್ನು ಮಾತ್ರ ಕಣ್ಣುಮುಚ್ಚಿ ನಂಬುತ್ತೇವೆ. ಮುಂದಿನ ಸಲ ಪಾಪನಿವೇದನೆಗೆ ಸಿದ್ಧರಾಗುವಾಗ, ಎಂಟನೆಯ ಕಟ್ಟಳೆಯ ಬಳಿ ಒಂದು ಗಳಿಗೆ ಹೆಚ್ಚು ನಿಲ್ಲಿ. ಬಾಯಿಂದ ಬಂದ ಮಾತುಗಳ ಜೊತೆಗೆ, ಬೆರಳು ಒತ್ತಿ ಮುಂದಕ್ಕೆ ಕಳುಹಿಸಿದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.