ಯಾರ ಕೈಗೆ ಒಪ್ಪಿಸುತ್ತೇವೆ?

ವಯಸ್ಸಾದ ತಂದೆತಾಯಿಯನ್ನು ಹಣ ಕೊಟ್ಟು ಬೇರೆಯವರಿಂದ ನೋಡಿಕೊಳ್ಳುವಂತೆ ಮಾಡುವುದು ತಪ್ಪೇ? ನಮ್ಮ ತಾಳವಾಡಿ ಭಾಗದ ಮನೆಗಳಲ್ಲಿ ಈ ಪ್ರಶ್ನೆ ಈಗ ಪಿಸುಮಾತಾಗಿ ಉಳಿದಿಲ್ಲ. ಮಕ್ಕಳು ತಿರುಪ್ಪೂರು, ಕೊಯಮತ್ತೂರು, ಬೆಂಗಳೂರು ಎಂದು ಇಳಿದು ಹೋಗಿದ್ದಾರೆ. ಹೊಲ, ಹಸು, ಮನೆಯ ಜೊತೆ ಉಳಿದವರು ಅಜ್ಜ ಅಜ್ಜಿಯರು.

ಚೆನ್ನೈನಲ್ಲಿ ಶುರುವಾಗಿ ಕೊಯಮತ್ತೂರು, ಬೆಂಗಳೂರಿಗೂ ಬಂದಿರುವ ‘ಅತುಲ್ಯ’ದಂಥ ಕಂಪನಿಗಳು ಹಿರಿಯರ ಆರೈಕೆಯನ್ನೇ ಉದ್ಯಮ ಮಾಡಿಕೊಂಡಿವೆ. ಈ ಕ್ಷೇತ್ರಕ್ಕೆ ಯಂತ್ರಗಳೂ ಬಂದಿವೆ: ಬಿದ್ದರೆ ತಾನೇ ಸುದ್ದಿ ಮುಟ್ಟಿಸುವ ಕೈಗಡಿಯಾರ, ಹಾಸಿಗೆಯಿಂದ ಎದ್ದದ್ದನ್ನು ತಿಳಿಸುವ ಸೆನ್ಸಾರ್, ತಾಯಿಯ ಬಿಪಿ ಎಷ್ಟಿದೆ ಎಂದು ದೂರದ ಮಗನಿಗೆ ತೋರಿಸುವ ಆ್ಯಪ್. ಇವನ್ನು ಕಂಡು ಮೂಗು ಮುರಿಯುವುದು ಸುಲಭ. ಆದರೆ ಸೊಂಟದ ಮೂಳೆ ಮುರಿದ ಅಜ್ಜಿ ಬೆಳಗಿನವರೆಗೆ ನೆಲದ ಮೇಲೆ ಬಿದ್ದಿದ್ದರೆ, ಮುರಿತಕ್ಕಿಂತ ಆ ಗಂಟೆಗಳೇ ಹೆಚ್ಚು ಕೆಡುಕು ಮಾಡಬಹುದು. ‘ಹಿಂದೆ ಮನೆಯಲ್ಲೇ ನೋಡಿಕೊಳ್ಳುತ್ತಿದ್ದೆವು’ ಎನ್ನುವವರು, ಆ ‘ನಾವು’ ಎಂದರೆ ಹೆಚ್ಚಾಗಿ ಸೊಸೆಯೊಬ್ಬಳೇ ಆಗಿದ್ದಳು ಎಂಬುದನ್ನೂ ಹೇಳಬೇಕು.

ಶುಭಸಂದೇಶದಲ್ಲಿ ಎರಡು ಕಡೆ ಈ ವಿಷಯ ಬರುತ್ತದೆ. ಮಾರ್ಕನ ಏಳನೆಯ ಅಧ್ಯಾಯದಲ್ಲಿ, ತಂದೆತಾಯಿಗೆ ಸಲ್ಲಬೇಕಾದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮುಡಿಪು ಎಂದು ಹೇಳಿ ನುಣುಚಿಕೊಳ್ಳುವವರನ್ನು ಯೇಸು ಗದರಿಸುತ್ತಾರೆ. ಅವರು ಹಣ ಕೊಡದೆ ತಪ್ಪಿಸಿಕೊಂಡರು. ನಾವು ಹಣ ಕೊಟ್ಟೇ ತಪ್ಪಿಸಿಕೊಳ್ಳಬಹುದು. ತಿಂಗಳ ಒಂದನೇ ತಾರೀಕು ದುಡ್ಡು ಹೋಯಿತು, ಕರ್ತವ್ಯ ಮುಗಿಯಿತು ಎಂದು. ಇನ್ನೊಂದು ಕಡೆ ಅದೇ ಯೇಸು, ಶಿಲುಬೆಯ ಮೇಲಿಂದ ತಮ್ಮ ತಾಯಿಯನ್ನು ಶಿಷ್ಯನಿಗೆ ಒಪ್ಪಿಸುತ್ತಾರೆ. ತಾವೇ ನೋಡಿಕೊಳ್ಳಲು ಆಗದ ಹೊತ್ತಿನಲ್ಲಿ ಇನ್ನೊಬ್ಬರ ಕೈಗೆ ಕೊಟ್ಟರು. ಆದ್ದರಿಂದ ಒಪ್ಪಿಸುವುದೇ ತಪ್ಪು ಎನ್ನಲು ನಮಗೆ ಅಧಿಕಾರವಿಲ್ಲ. ಆದರೆ ಅವರು ಒಪ್ಪಿಸಿದ್ದು, ತಾಯಿ ‘ಮಗನೇ’ ಎಂದು ಕರೆಯಬಹುದಾದ ಒಬ್ಬನಿಗೆ.

ನಮ್ಮ ಬೆಟ್ಟದವರಿಗೆ ಈ ಕರೆಯುವ ಮಾತು ದೊಡ್ಡದು. ಇಲ್ಲಿ ಕಚೇರಿ ತಮಿಳು, ಮನೆ ಕನ್ನಡ. ಸಂತೆ, ಬಸ್ಸು, ಬ್ಯಾಂಕಿನಲ್ಲಿ ತಮಿಳು ಆಡಿ ಬದುಕಿದ ಅಜ್ಜಿಗೂ ಮರೆವಿನ ಕಾಯಿಲೆ ಬಂದರೆ, ಆಮೇಲೆ ಕಲಿತ ಭಾಷೆ ಮೊದಲು ಜಾರಿ, ಹಾಲಿನ ಜೊತೆ ಬಂದ ಭಾಷೆ ಉಳಿಯುವುದುಂಟು. ಕೊಯಮತ್ತೂರಿನ ಒಳ್ಳೆಯ ಕೋಣೆಯಲ್ಲಿ, ಒಳ್ಳೆಯ ನರ್ಸಮ್ಮನ ಎದುರಿಗೆ ಆಕೆ ‘ಬೆನ್ನು ಚಳುಕು ಹಿಡಿದದೆ ಕಣವ್ವ’ ಎಂದರೆ ಯಾರಿಗೆ ತಿಳಿಯುತ್ತದೆ? ನಾಡಿಬಡಿತವನ್ನು ಗಡಿಯಾರ ಸರಿಯಾಗಿಯೇ ಎಣಿಸುತ್ತದೆ. ಜಪಸರವನ್ನು ಕನ್ನಡದಲ್ಲಿ ಶುರು ಮಾಡಿದರೆ ಉತ್ತರಾರ್ಧ ಹೇಳುವವರು ಬೇಕು. ಸೇರಿಸುವ ಮುಂಚೆ ಕೋಣೆಯ ಅಳತೆ, ಊಟದ ಪಟ್ಟಿ ಕೇಳುವ ಮಕ್ಕಳು ಇದನ್ನು ಕೇಳುವುದು ಕಡಿಮೆ.

ಕ್ಯಾಮೆರಾದ ಮಾತು ಬೇರೆ. ತಾಯಿಯ ಕೋಣೆಯಲ್ಲಿ ಅದನ್ನು ಇಡುವ ಮುನ್ನ ತಾಯಿಯನ್ನು ಕೇಳಬೇಕು. ಆಕೆ ಬೇಡ ಎಂದರೆ ಬೇಡ. ಸೀರೆ ಬದಲಾಯಿಸುವ ಕೋಣೆಯದು. ಬುದ್ಧಿ ಮಂಕಾದ ತಂದೆಯನ್ನೂ ಹೀಗಳೆಯಬೇಡ ಎಂದು ಸಿರಾಖನ ಗ್ರಂಥ ಮೂರನೆಯ ಅಧ್ಯಾಯದಲ್ಲಿ ಹೇಳುತ್ತದೆ. ಮರೆವು ಬಂದವರ ಮಾನಕ್ಕೆ ರಿಯಾಯಿತಿ ಇಲ್ಲ.

ಸಂತ ಜಾನ್ ಜುಗಾನ್ 1839ರ ಚಳಿಗಾಲದಲ್ಲಿ ಕುರುಡಿಯಾದ, ಮೈ ಸ್ವಾಧೀನ ತಪ್ಪಿದ ಮುದುಕಿಯೊಬ್ಬಳನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಆಕೆಯ ಸಭೆಯ ಸೋದರಿಯರು 1900ರಿಂದ ಬೆಂಗಳೂರಿನಲ್ಲಿ ಬಡ ವೃದ್ಧರನ್ನು ನೋಡಿಕೊಳ್ಳುತ್ತಿದ್ದಾರೆ. ಹಾಸಿಗೆ ಕೊಟ್ಟ ಜಾನ್ ಆಮೇಲೆ ಮನೆಮನೆಗೆ ಹೋಗಿ ಬೇಡಿದಳು ಕೂಡ. ಪ್ರೀತಿಗೂ ದುಡ್ಡು ಬೇಕಾಗುತ್ತದೆ, ಅದರಲ್ಲಿ ನಾಚಿಕೆಯಿಲ್ಲ.

ನಮ್ಮಲ್ಲಿ ಬಹುಪಾಲು ಮನೆಗಳಿಗೆ ಅಂಥ ಕಂಪನಿಯ ತಿಂಗಳ ಶುಲ್ಕ ಎಟುಕುವುದಿಲ್ಲ. ಎಟುಕುವುದು ಬಹುಶಃ ಗಡಿಯಾರ ಮಾತ್ರ. ಅದು ರಾತ್ರಿ ಎರಡಕ್ಕೆ ಕೂಗಿದರೆ ಸುದ್ದಿ ಬೆಂಗಳೂರಿನ ಮಗನಿಗೆ ಮುಟ್ಟುತ್ತದೆ, ಅದೂ ಸಿಗ್ನಲ್ ಇದ್ದರೆ. ಮಗ ಅಲ್ಲಿ, ತಾಯಿ ಇಲ್ಲಿ. ಒಂದು ಕಡೆ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವ ದಿಂಬಂ ಘಾಟಿಯ 27 ತಿರುವುಗಳು, ಇನ್ನೊಂದು ಕಡೆ ರಾಜ್ಯದ ಗಡಿ ದಾಟಿ ಚಾಮರಾಜನಗರ. ನಡುವೆ ಆನೆ. ಬಾಗಿಲು ತೆರೆಯಬಲ್ಲವರು ಪಕ್ಕದ ಮನೆಯವರೇ. ಸರ್ಕಾರವೂ 2021ರಲ್ಲಿ ‘ಮಕ್ಕಳೈ ತೇಡಿ ಮರುತ್ತುವಂ’ ಶುರು ಮಾಡಿದಾಗ ಬಿಪಿ, ಸಕ್ಕರೆ ನೋಡಲು ಮನೆಬಾಗಿಲಿಗೆ ಕಳಿಸಿದ್ದು ಮನುಷ್ಯರನ್ನೇ.

ಪೋಪ್ ಫ್ರಾನ್ಸಿಸ್ 2021ರಲ್ಲಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ಹಿರಿಯರ ದಿನವೆಂದು ಗೊತ್ತುಮಾಡಿದರು. ಆ ದಿನ ಹಿರಿಯರಿಗೆ ಶಾಲು ಹೊದಿಸುತ್ತೇವೆ, ಸಂತೋಷ. ಅದಕ್ಕೆ ಮೊದಲು, ಮುಂದಿನ ಕಿರು ಸಮುದಾಯದ ಕೂಟದಲ್ಲಿ ಒಂದು ಪಟ್ಟಿ ಮಾಡೋಣ: ನಮ್ಮ ಬೀದಿಯಲ್ಲಿ ಒಂಟಿಯಾಗಿ ಮಲಗುವ ಹಿರಿಯರು ಯಾರು, ಅವರ ಮಕ್ಕಳ ನಂಬರ್ ಯಾರ ಹತ್ತಿರ ಇದೆ, ಇನ್ನೊಂದು ಬೀಗದ ಕೈ ಯಾರ ಮನೆಯಲ್ಲಿದೆ.