ಗೆರೆ ಕಂಡಿತು, ಮನ ಕಂಡೀತೆ?

ಮನುಷ್ಯನನ್ನು ಅರಿಯಲು ಅವನ ನುಡಿಯನ್ನು ಕೇಳಬೇಕೋ, ನಡೆಯನ್ನು ನೋಡಬೇಕೋ ಎಂಬ ಪ್ರಶ್ನೆ ನಮ್ಮಲ್ಲಿ ಹಳೆಯದು. ನಡೆಯೇ ಮೇಲು ಎಂದು ಹಿರಿಯರು ತೀರ್ಪು ಕೊಟ್ಟು ಬಹಳ ಕಾಲವಾಯಿತು. ನಾವೂ ಮಕ್ಕಳಿಗೆ ಅದನ್ನೇ ಹೇಳುತ್ತ ಬಂದಿದ್ದೇವೆ. ಆದರೆ ಆ ತೀರ್ಪು ಹುಟ್ಟಿದ ಕಾಲದಲ್ಲಿ ಇನ್ನೊಬ್ಬರ ನಡೆಯನ್ನು ಹಗಲಿರುಳೂ ನೋಡುತ್ತ ಕುಳಿತಿರುವುದು ಯಾರಿಗೂ ಸಾಧ್ಯವಿರಲಿಲ್ಲ. ಇಂದು ಸಾಧ್ಯವಾಗಿದೆ. ಆದ್ದರಿಂದ ಆ ಪ್ರಶ್ನೆಗೆ ಇನ್ನೊಂದನ್ನು ಸೇರಿಸಿಕೊಳ್ಳಬೇಕಾಗಿದೆ: ನಡೆಯ ನಕ್ಷೆ ಕೈಗೆ ಸಿಕ್ಕಿದರೆ ಮನುಷ್ಯನೇ ಸಿಕ್ಕಿದಂತಾಯಿತೆ?

ಮನುಷ್ಯರ ಮಾತೆತ್ತಿದೊಡನೆ ಮನಸ್ಸು ಕೆರಳುತ್ತದೆ. ಆದುದರಿಂದ ಮೊದಲು ಯಂತ್ರಗಳ ಲೋಕದಲ್ಲಿ ಈ ಪ್ರಶ್ನೆಯನ್ನು ನೋಡೋಣ. ನಮ್ಮವರ ಎಷ್ಟೋ ಮನೆಗಳ ಮಕ್ಕಳು ಐರೋಲಿ, ಮಹಾಪೆ, ಪೊವಾಯಿಗಳ ಕಂಪ್ಯೂಟರ್ ಕಚೇರಿಗಳಲ್ಲಿ ದುಡಿಯುತ್ತಿದ್ದಾರೆ. ರಾತ್ರಿ ಊಟದ ಹೊತ್ತಿಗೆ ಅವರ ಬಾಯಲ್ಲಿ ‘ಕಂಟೇನರ್’ ಎಂಬ ಮಾತು ಕೇಳಿದಾಗ, ಮಗ ಬಂದರಿನಲ್ಲಿ ಕೆಲಸ ಹಿಡಿದನೋ ಎಂದು ತಾಯಿತಂದೆಯರಿಗೆ ಅನುಮಾನವಾದರೆ ಆಶ್ಚರ್ಯವಿಲ್ಲ. ಆ ಅನುಮಾನ ಪೂರ್ತಿ ತಪ್ಪೂ ಅಲ್ಲ, ಏಕೆಂದರೆ ಆ ಹೆಸರು ಬಂದದ್ದೇ ಹಡಗಿನಿಂದ.

1956ರಲ್ಲಿ ಅಮೆರಿಕದ ಮ್ಯಾಲ್ಕಂ ಮೆಕ್ಲೀನ್ ಎಂಬಾತ ಸರಕನ್ನು ಒಂದೇ ಅಳತೆಯ ಪೆಟ್ಟಿಗೆಗಳಲ್ಲಿ ತುಂಬಿಸಿ, ಪೆಟ್ಟಿಗೆಯನ್ನೇ ಹಡಗಿಗೇರಿಸುವ ಪದ್ಧತಿಯನ್ನು ಬಳಕೆಗೆ ತಂದ. 1989ರಲ್ಲಿ ನಮ್ಮ ಕೊಲ್ಲಿಯ ಆಚೆ ದಡದಲ್ಲಿ ಆರಂಭವಾದ ನ್ಹಾವಾ ಶೇವಾ ಬಂದರು ಇಂದು ಅಂಥ ಪೆಟ್ಟಿಗೆಗಳದೇ ಊರು. ಪೆಟ್ಟಿಗೆಯ ಮೇಲೆ ನಾಲ್ಕು ಅಕ್ಷರ, ಏಳು ಅಂಕಿ. ಒಳಗಿರುವುದು ಔಷಧವೋ ಅಕ್ಕಿಯೋ ಎಂಬುದು ಕ್ರೇನಿಗೆ ಬೇಕಿಲ್ಲ. ಇದೇ ಉಪಾಯವನ್ನು ಕಂಪ್ಯೂಟರಿನವರು ಎರವಲು ಪಡೆದರು. ಒಂದು ತಂತ್ರಾಂಶ ಓಡಲು ಬೇಕಾದದ್ದೆಲ್ಲವನ್ನೂ ಅದರ ಜೊತೆಗೇ ಕಟ್ಟಿ, ಯಾವ ಯಂತ್ರದ ಮೇಲಾದರೂ ಇಳಿಸಬಹುದಾದ ಗಂಟು ಮಾಡಿದರು. 2013ರಲ್ಲಿ ಬಂದ ಡಾಕರ್ ಇದನ್ನು ಜನಪ್ರಿಯಗೊಳಿಸಿತು. 2014ರಲ್ಲಿ ಗೂಗಲ್ ಹೊರತಂದ ಕುಬರ್ನೆಟಿಸ್ ಇಂಥ ಸಾವಿರಾರು ಗಂಟುಗಳನ್ನು ನಡೆಸುವ ಚುಕ್ಕಾಣಿಗನಾಯಿತು. ಗ್ರೀಕ್ ಭಾಷೆಯಲ್ಲಿ ಆ ಹೆಸರಿನ ಅರ್ಥವೂ ಚುಕ್ಕಾಣಿ ಹಿಡಿಯುವವನೆಂದೇ.

ನಾವು ಮಾಟುಂಗದ ಅಂಗಡಿಯಲ್ಲಿ ಕುಳಿತು ಫೋನಿನಲ್ಲಿ ಊರಿಗೆ ಬಸ್ಸಿನ ಟಿಕೇಟು ಕಾದಿರಿಸಿದೆವೆನ್ನಿ. ನಮ್ಮ ಕಣ್ಣಿಗೆ ಅದು ಒಂದೇ ಕೆಲಸ. ಆದರೆ ದೊಡ್ಡ ವ್ಯವಸ್ಥೆಯಾದರೆ ಹಿಂದೆ ಹತ್ತಾರು ಗಂಟುಗಳು ಮಾತಾಡಿಕೊಳ್ಳುತ್ತವೆ. ಒಂದು ಆಸನ ನೋಡುತ್ತದೆ, ಒಂದು ದರ ಲೆಕ್ಕ ಹಾಕುತ್ತದೆ, ಒಂದು ಬ್ಯಾಂಕನ್ನು ಕೇಳುತ್ತದೆ, ಇನ್ನೊಂದು ಸಂದೇಶ ಕಳಿಸುತ್ತದೆ. ಹಬ್ಬದ ನೂಕುನುಗ್ಗಲಾದರೆ ಅದೇ ಗಂಟಿನ ಹತ್ತು ಪ್ರತಿಗಳು ಹುಟ್ಟುತ್ತವೆ, ನೂಕುನುಗ್ಗಲು ಇಳಿದ ಮೇಲೆ ಸಾಯುತ್ತವೆ. ಹುಟ್ಟಿದಾಗಲೆಲ್ಲ ಹೊಸ ವಿಳಾಸ. ಬೇರೆ ಕಟ್ಟಳೆ ಮಾಡದಿದ್ದರೆ ಕುಬರ್ನೆಟಿಸ್ ಕೇರಿಯಲ್ಲಿ ಯಾವ ಗಂಟು ಬೇಕಾದರೂ ಯಾವ ಗಂಟಿನ ಬಾಗಿಲನ್ನೂ ತಟ್ಟಬಹುದು. ಹೀಗಿರುವಲ್ಲಿ ಯಾರು ಯಾರೊಡನೆ ಮಾತಾಡುತ್ತಿದ್ದಾರೆಂದು ಯಜಮಾನನಿಗೇ ತಿಳಿಯದಂತಾಗುವುದು ಸಹಜ.

ಆಗ ಬೇಕಾಗುವುದು ನಕ್ಷೆ. ಅದರಲ್ಲಿ ಎರಡು ಬಗೆ. ಒಂದು, ಕಟ್ಟುವಾಗ ಇಂಜಿನಿಯರು ಕಾಗದದ ಮೇಲೆ ಬರೆದ ನಕ್ಷೆ: ಇವರು ಇವರೊಡನೆ ಮಾತಾಡತಕ್ಕದ್ದು ಎಂಬ ವಿಧಿ. ಇನ್ನೊಂದು, ನಿಜವಾದ ಸಂಚಾರವನ್ನು ನೋಡಿ ಬರೆದದ್ದು. ಯಂತ್ರದ ಮೂಲ ತಂತ್ರಾಂಶದೊಳಗೇ ಒಂದು ಸಣ್ಣ ಕಾವಲುಗಾರನನ್ನು ಕೂರಿಸುತ್ತಾರೆ. ಯಾವ ಗಂಟು ಯಾವುದನ್ನು ಕರೆಯಿತು, ಎಷ್ಟು ಸಲ, ಎಷ್ಟು ಹೊತ್ತು ಎಂದು ಅವನು ಬರೆದುಕೊಳ್ಳುತ್ತಾನೆ. ಸಾಮಾನ್ಯವಾಗಿ ಅವನು ಮಾತಿನ ಒಳಗನ್ನು ಓದುವುದಿಲ್ಲ. ವಿಳಾಸ ಬದಲಾಗುತ್ತಿರುವುದರಿಂದ ಗಂಟಿಗೆ ಅಂಟಿಸಿದ ಹೆಸರುಚೀಟಿಯನ್ನು ನೆಚ್ಚುತ್ತಾನೆ. ಹಬಲ್, ಕಿಯಾಲಿ ಮೊದಲಾದ ಸಲಕರಣೆಗಳು ಇದನ್ನೆಲ್ಲ ಪರದೆಯ ಮೇಲೆ ಚುಕ್ಕೆ, ಗೆರೆಗಳಾಗಿ ಮೂಡಿಸುತ್ತವೆ. ಒಂದಕ್ಕೆ ದೂರದರ್ಶಕದ ಹೆಸರು, ಇನ್ನೊಂದರ ಹೆಸರಿಗೆ ಗ್ರೀಕಿನಲ್ಲಿ ದುರ್ಬೀನೆಂದೇ ಅರ್ಥ.

ಬಿ.ಎಸ್ಸಿ. ಓದಿದವರಿಗೆ ಇದು ಹೊಸ ನೋಟವಲ್ಲ. ಆಯಸ್ಕಾಂತದ ಮೇಲೆ ಕಾಗದ ಹಾಸಿ, ಕಬ್ಬಿಣದ ಪುಡಿ ಉದುರಿಸಿ, ಮೆಲ್ಲನೆ ತಟ್ಟಿದರೆ ಕಾಣದ ಬಲ ಗೆರೆಗೆರೆಯಾಗಿ ಕಾಣುತ್ತದೆ. ಆದರೆ ಆ ಗೆರೆಗಳು ಪುಡಿಯಲ್ಲಿವೆಯೇ ಹೊರತು ಆಯಸ್ಕಾಂತದಲ್ಲಿಲ್ಲ. ಅವು ಬಲದ ದಿಕ್ಕನ್ನು ತೋರಿಸುವ ಚಿತ್ರ ಮಾತ್ರ. ಈ ಮಾತು ಮುಂದೆ ನಮಗೆ ಬೇಕಾಗುತ್ತದೆ.

ಎರಡನೆಯ ನಕ್ಷೆಯ ಗುಣವನ್ನು ಮೊದಲು ಒಪ್ಪಿಕೊಳ್ಳೋಣ. ಅದು ಪ್ರಾಮಾಣಿಕ. ಕಾಗದದಲ್ಲಿ ಇಲ್ಲದ ಗೆರೆ ಅದರಲ್ಲಿ ಕಂಡರೆ, ಎಲ್ಲೋ ಯಾರೋ ಹಿಂಬಾಗಿಲಿನಿಂದ ಓಡಾಡುತ್ತಿದ್ದಾರೆಂದು ತಿಳಿಯುತ್ತದೆ. ಅದು ಕಳ್ಳನಿರಬಹುದು, ಇಲ್ಲವೆ ಹಿಂದೊಮ್ಮೆ ಅವಸರದಲ್ಲಿ ಹಾಕಿ ಮರೆತ ಏಣಿಯಿರಬಹುದು. ಯಾರ ಗಮನಕ್ಕೂ ಬಾರದೆ ಮೂಲೆಯಲ್ಲಿ ಬಿದ್ದಿದ್ದ ಒಂದು ಚಿಕ್ಕ ಗಂಟನ್ನು ಇಪ್ಪತ್ತು ದೊಡ್ಡವು ದಿನವೂ ಆಶ್ರಯಿಸಿರುವುದೂ ಬೆಳಕಿಗೆ ಬರಬಹುದು. ಸರಕಾರಿ ಕಚೇರಿಯಲ್ಲಿ ದುಡಿದವರು ಇದನ್ನು ಬಲ್ಲರು. ಪದನಾಮಗಳ ಪಟ್ಟಿ ಗೋಡೆಯ ಮೇಲೆ ಒಂದು ಬಗೆಯಾಗಿರುತ್ತದೆ. ಕಡತ ಓಡಾಡುವ ದಾರಿಯೇ ಬೇರೆ. ಹಿಂದೆ ಆವಕ-ಜಾವಕದ ಪುಸ್ತಕವನ್ನು ತಿರುವಿದವನಿಗೆ, ಇಂದು ಇ-ಆಫೀಸಿನ ಪರದೆ ನೋಡಿದವನಿಗೆ, ಎಲ್ಲ ಕಡತಗಳೂ ಒಬ್ಬ ಸಾಧಾರಣ ಸಹಾಯಕನ ಮೇಜಿನ ಮೇಲೆ ಹಾದೇ ಹೋಗುತ್ತವೆಂದು ಗೊತ್ತಾಗುತ್ತದೆ. ಅವನು ನಿವೃತ್ತನಾದ ಮರುವಾರ ಅದು ಎಲ್ಲರಿಗೂ ಗೊತ್ತಾಗುತ್ತದೆ. ನಕ್ಷೆ ಅದನ್ನು ಮೊದಲೇ ತೋರಿಸಿದರೆ ಅದಕ್ಕೆ ನಾವು ಕೃತಜ್ಞರಾಗಿರಬೇಕು.

ಇಷ್ಟು ಹೇಳಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ನಕ್ಷೆ ತಾನು ನೋಡುತ್ತಿದ್ದ ಕಾಲವನ್ನಷ್ಟೆ ಬಲ್ಲದು. ಜೂನ್ ತಿಂಗಳಲ್ಲಿ ಎರಡು ವಾರ ಸಂಚಾರ ನೋಡಿ, ‘ಈ ಗೆರೆ ಕಾಣಲೇ ಇಲ್ಲ, ಬಾಗಿಲು ಮುಚ್ಚಿರಿ’ ಎಂದು ಅಪ್ಪಣೆ ಕೊಟ್ಟವನು ಮಾರ್ಚ್ 31ರ ರಾತ್ರಿ ಪಶ್ಚಾತ್ತಾಪ ಪಡಬೇಕಾದೀತು. ವರ್ಷಾಂತ್ಯದ ಲೆಕ್ಕ ಮುಗಿಸುವ ತಂತ್ರಾಂಶ ಆ ಬಾಗಿಲನ್ನು ತಟ್ಟುವುದು ವರ್ಷಕ್ಕೊಮ್ಮೆ ಮಾತ್ರ. ನಕ್ಷೆಯಲ್ಲಿ ಇಲ್ಲದ್ದು ಲೋಕದಲ್ಲಿಲ್ಲವೆಂದಲ್ಲ.

ಹಾಗೆಯೇ ಗೆರೆಯ ದಪ್ಪ. ಹೆಚ್ಚು ಸಂಚಾರವಿದ್ದಲ್ಲಿ ಗೆರೆಯನ್ನು ದಪ್ಪಗೆ ಬರೆಯುವುದು ವಾಡಿಕೆ. ಎರಡು ಗಂಟುಗಳ ನಡುವೆ ಕ್ಷಣಕ್ಷಣಕ್ಕೆ ‘ಇದ್ದೀಯಾ? ಇದ್ದೇನೆ’ ಎಂಬ ಕ್ಷೇಮಸಮಾಚಾರವಷ್ಟೆ ನಡೆದರೂ ಗೆರೆ ಹಗ್ಗದಂತಾಗುತ್ತದೆ. ದಿನಕ್ಕೊಮ್ಮೆ ಇಡೀ ಖಜಾನೆಯ ಲೆಕ್ಕವನ್ನು ಒಪ್ಪಿಸುವ ಗೆರೆ ಕೂದಲೆಳೆಯಷ್ಟಿರಬಹುದು. ವಾಚಕರು ತಮ್ಮ ಫೋನಿನ ಒಂದು ವರ್ಷದ ಕರೆಗಳನ್ನು ಹೀಗೆ ಗೆರೆಗಳಾಗಿ ಬರೆದು ನೋಡಲಿ. ಹಾಲಿನವನಿಗೆ, ಸಾಮಾನು ತರುವ ಹುಡುಗನಿಗೆ, ಸಾಲ ಬೇಕೆ ಎಂದು ಪೀಡಿಸುವ ಅಪರಿಚಿತರಿಗೆ ದಪ್ಪ ಗೆರೆ. ನಾಗರಪಂಚಮಿಗೊಮ್ಮೆ, ದೀಪಾವಳಿಗೊಮ್ಮೆ ಕರೆಮಾಡುವ ಊರಿನ ಅಕ್ಕನಿಗೆ ಕಂಡೂ ಕಾಣದ ಎಳೆ. ಅಷ್ಟಕ್ಕೆ ಅಕ್ಕನ ಸಂಬಂಧ ಸವೆಯಿತೆ? ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಈ ಪ್ರಶ್ನೆಯ ಉತ್ತರವನ್ನು ಯಾರೂ ಕಲಿಸಬೇಕಾಗಿಲ್ಲ.

ಎಲ್ಲಕ್ಕಿಂತ ದೊಡ್ಡ ಮಿತಿಯೆಂದರೆ, ಗೆರೆಯು ಮಾತು ನಡೆಯಿತೆಂದು ಹೇಳುತ್ತದೆ, ಏಕೆ ನಡೆಯಿತೆಂದು ಹೇಳುವುದಿಲ್ಲ. ಯಂತ್ರದ ವಿಷಯದಲ್ಲಿ ಈ ಕೊರತೆಯನ್ನು ತುಂಬಿಕೊಳ್ಳಬಹುದು: ತಂತ್ರಾಂಶವನ್ನು ಬಿಚ್ಚಿ ಓದಬಹುದು. ಗಂಟಿಗೆ ಮಾನವಿಲ್ಲ, ಅದನ್ನು ತಪಾಸಣೆ ಮಾಡಿದರೆ ಅದರ ಮನೆಯವರು ತಲೆತಗ್ಗಿಸುವುದಿಲ್ಲ. ಮನುಷ್ಯನ ವಿಷಯದಲ್ಲಿ ಹಾಗಲ್ಲ. ನಮ್ಮ ಡಬ್ಬಾವಾಲರನ್ನು ನೋಡಿ. 1890ರ ಸುಮಾರಿಗೆ ಮಹಾದು ಹವಾಜಿ ಬಚ್ಚೆ ಆರಂಭಿಸಿದ ಈ ವೃತ್ತಿ ಕೋವಿಡ್ ಬಳಿಕ ಬಹಳ ಕುಗ್ಗಿದೆ, ಆದರೂ ಉಳಿದಿದೆ. ಡಬ್ಬಿಯ ಮುಚ್ಚಳದ ಮೇಲಿನ ಬಣ್ಣ, ಅಕ್ಷರ, ಅಂಕಿಗಳಿಂದ ಯಾವ ಸ್ಟೇಷನ್, ಯಾವ ಕಟ್ಟಡ, ಯಾವ ಮಾಳಿಗೆ ಎಂಬುದು ಅವರಿಗೆ ತಿಳಿಯುತ್ತದೆ. ಯಾವ ಮನೆಯ ಡಬ್ಬಿ ಎಷ್ಟು ದಿನದಿಂದ ನಿಂತಿದೆ ಎಂಬುದೂ ತಿಳಿಯುತ್ತದೆ. ಅದರಿಂದ ಆ ಮನೆಯ ಗಂಡಹೆಂಡಿರ ಬಗ್ಗೆ ಏನೆಲ್ಲ ಊಹಿಸಬಹುದು! ಆದರೆ ಡಬ್ಬಿಯನ್ನು ತಲುಪಿಸುವುದಕ್ಕೆ ಎಷ್ಟು ಬೇಕೋ ಅಷ್ಟನ್ನೇ ತಿಳಿದುಕೊಳ್ಳುವುದು ಆ ವೃತ್ತಿಯ ಮರ್ಯಾದೆ.

ನಮ್ಮ ದೇಶದ ನ್ಯಾಯಾಲಯದ ಮುಂದೆಯೂ ಈ ವಿಚಾರ ಬಂದಿತ್ತು, ಅದನ್ನು ತಂದವರು ನಮ್ಮವರೇ ಎಂಬುದು ಹೆಮ್ಮೆಯ ಸಂಗತಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಮರುವರ್ಷ ಸೆಪ್ಟೆಂಬರ್ 26ರ ಬಹುಮತದ ತೀರ್ಪು ಆಧಾರನ್ನು ಬಹುಮಟ್ಟಿಗೆ ಎತ್ತಿಹಿಡಿದರೂ, ಗುರುತು ತಾಳೆನೋಡಿದ ದಾಖಲೆಗಳನ್ನು 5 ವರ್ಷ ಇಟ್ಟುಕೊಳ್ಳುವ ನಿಯಮವನ್ನು ಒಪ್ಪದೆ, 6 ತಿಂಗಳಿಗಿಂತ ಹೆಚ್ಚು ಇಡಬಾರದೆಂದಿತು. ವ್ಯವಹಾರಗಳ ‘ಮೆಟಾಡೇಟಾ’ವನ್ನು, ಎಂದರೆ ಅವುಗಳ ಸುತ್ತಲಿನ ವಿವರಗಳನ್ನು, ಅಂದಿನ ನಿಯಮವಿದ್ದ ರೂಪದಲ್ಲಿ ಕೂಡಿಡುವುದೂ ಸಲ್ಲದೆಂದಿತು. ಸರಳವಾಗಿ ಹೇಳುವುದಾದರೆ, ಮಾತಿನ ಒಳಗನ್ನು ಓದದಿದ್ದರೂ ಗೆರೆಗಳನ್ನು ಕೂಡಿಹಾಕುವುದಕ್ಕೂ ಒಂದು ಮಿತಿ ಬೇಕು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಹೆಸರು ಆ ತೀರ್ಪಿನೊಡನೆ ಉಳಿಯುತ್ತದೆ.

ಇದೆಲ್ಲ ಸರಕಾರಕ್ಕೂ ದೊಡ್ಡ ಕಂಪನಿಗಳಿಗೂ ಸಂಬಂಧಿಸಿದ್ದೆಂದು ನಾವು ಸುಮ್ಮನಿರುವಂತಿಲ್ಲ. ಇಂದು ಉಪನಗರಗಳ ಅನೇಕ ಹೌಸಿಂಗ್ ಸೊಸೈಟಿಗಳ ಗೇಟಿನಲ್ಲಿ ಒಂದು ಆಪ್ ಕುಳಿತಿದೆ. ನಾನು ಬಲ್ಲ ಒಂದು ಸೊಸೈಟಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಕಮಿಟಿಯವರು ಒಂದು ತಿಂಗಳ ದಾಖಲೆಯನ್ನು ತೆಗೆದು ನೋಡಿದಾಗ, ಮನೆಗೆಲಸದ ಹೆಂಗಸೊಬ್ಬಳು ತನಗೆ ಕೆಲಸವಿಲ್ಲದ ವಿಂಗಿಗೆ ದಿನಕ್ಕೆರಡು ಸಲ ಹೋಗಿಬರುತ್ತಿರುವುದು ಕಂಡಿತು. ಕಾಗದದ ನಕ್ಷೆಯಲ್ಲಿಲ್ಲದ ಗೆರೆ! ಒಡನೆ ಅವಳ ಪ್ರವೇಶವನ್ನು ತಡೆದರು. ಎರಡು ದಿನ ಅವಳು ಗೇಟಿನ ಹೊರಗೆ ನಿಂತು ಹಿಂದಿರುಗಿದಳು. ಮೂರನೆಯ ದಿನ ಯಾರೋ ಕೇಳಿದರು. ಅಲ್ಲಿ ಒಂಟಿಯಾಗಿರುವ ಮುದುಕಿಯೊಬ್ಬರಿಗೆ ಕಣ್ಣಿನ ಪೊರೆ ತೆಗೆಸಿತ್ತು, ಇವಳು ಹೋಗಿ ಔಷಧದ ಹನಿ ಹಾಕಿಬರುತ್ತಿದ್ದಳು. ಸಂಬಳಕ್ಕಲ್ಲ. ಆ ಎರಡು ದಿನ ಮುದುಕಿಯ ಕಣ್ಣಿಗೆ ಹನಿ ಬೀಳಲಿಲ್ಲ. ತಡೆ ತೆಗೆದರು, ಎರಡು ದಿನದ ಕೂಲಿಯನ್ನು ಯಾರೂ ಕೊಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.

ಆ ದಾಖಲೆ ಸುಳ್ಳಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಒಂದೊಂದು ಗೆರೆಯೂ ಸತ್ಯವಾಗಿತ್ತು. ತಪ್ಪಿದ್ದು ಕ್ರಮದಲ್ಲಿ. ಕೇಳಿ ಆಮೇಲೆ ತೀರ್ಮಾನಿಸಬೇಕಾದಲ್ಲಿ ತೀರ್ಮಾನಿಸಿ ಆಮೇಲೆ ಕೇಳಿದರು. ನಕ್ಷೆ ನಮಗೆ ಪ್ರಶ್ನೆ ಕೇಳುವ ಅಧಿಕಾರ ಕೊಡುತ್ತದೆ, ತೀರ್ಪು ಕೊಡುವ ಅಧಿಕಾರವನ್ನು ಕೊಡುವುದಿಲ್ಲ. ಮಗಳ ಫೋನು ಎಲ್ಲಿದೆಯೆಂದು ಪರದೆಯ ಮೇಲೆ ನೋಡುವ ತಂದೆಗೂ, ನೌಕರನ ಹಾಜರಿ ಬೆರಳಚ್ಚಿನಿಂದ ಅಳೆಯುವ ಅಧಿಕಾರಿಗೂ ಈ ಮಾತು ಅನ್ವಯಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕಳವು ನಡೆದರೆ ಯಾರು ಹೊಣೆ? ಕಾವಲು ಬೇಡವೆ? ಬೇಕು. ಬಾಗಿಲಿಲ್ಲದ ಮನೆಯನ್ನು ಯಾರೂ ಕಟ್ಟುವುದಿಲ್ಲ, ಯಂತ್ರಲೋಕದವರೂ ನಕ್ಷೆ ನೋಡಿಯೇ ಬೇಡದ ಬಾಗಿಲುಗಳನ್ನು ಮುಚ್ಚುತ್ತಾರೆ. ಆದರೆ ಅವರಿಂದ ಕಲಿಯಬೇಕಾದ ಇನ್ನೊಂದು ಸಂಗತಿಯಿದೆ. ಗಂಟುಗಳನ್ನು ನೋಡುತ್ತಿರುವ ಕಾವಲುಗಾರನೂ ಸಾಮಾನ್ಯವಾಗಿ ಒಂದು ಗಂಟಿನೊಳಗೇ ಕುಳಿತಿರುತ್ತಾನೆ. ಅವನು ಯಾರಿಗೆ ವರದಿ ಒಪ್ಪಿಸುತ್ತಾನೆಂಬುದನ್ನೂ ಅದೇ ಪರದೆಯ ಮೇಲೆ ಕಾಣಬಹುದು. ನೋಡುವವನೂ ನಕ್ಷೆಯ ಹೊರಗಿಲ್ಲ.

ನಮ್ಮ ಗೇಟುಗಳಲ್ಲಿ ಹಾಗಿಲ್ಲ. ಕೆಲಸದವಳ ಹೆಜ್ಜೆಗೆ ಲೆಕ್ಕವಿದೆ, ಆ ಲೆಕ್ಕವನ್ನು ಯಾರು, ಯಾವಾಗ, ಏತಕ್ಕೆ ತೆಗೆದು ನೋಡಿದರೆಂಬುದಕ್ಕೆ ಲೆಕ್ಕವಿಲ್ಲ. ಮುಂದಿನ ವಾರ್ಷಿಕ ಸಭೆಯಲ್ಲಿ ನಮ್ಮ ಕುಟುಂಬಗಳು ತಂತಮ್ಮ ಸೊಸೈಟಿಗಳಲ್ಲಿ ಇಷ್ಟನ್ನು ಕೇಳಲಿ: ದಾಖಲೆಯನ್ನು ಎಷ್ಟು ದಿನ ಇಡುತ್ತೀರಿ? ನೋಡಿದವರ ಹೆಸರನ್ನು ಎಲ್ಲಿ ಬರೆಯುತ್ತೀರಿ? ಯಾರನ್ನಾದರೂ ತಡೆಯುವ ಮೊದಲು ಅವರನ್ನು ಕರೆದು ಕೇಳುತ್ತೀರಾ? ಈ ಮೂರಕ್ಕೆ ಉತ್ತರ ದೊರೆಯುವ ಗೇಟಿನಲ್ಲಿ ಆಪ್ ಇದ್ದರೂ ಭಯವಿಲ್ಲ. ದೊರೆಯದಿದ್ದರೆ, ಇಂದು ಅವಳ ಗೆರೆಯನ್ನು ಬರೆದ ಲೇಖನಿ ನಾಳೆ ನಮ್ಮ ಗೆರೆಯನ್ನೂ ಬರೆದೀತು.