ವಾಸವೂ ನೆಲೆಯೂ

ಉದ್ಯೋಗದ ನಿಮಿತ್ತವಾಗಿ ಪರಸ್ಥಳದಿಂದ ಬಂದು ಒಂದು ಊರಿನಲ್ಲಿ ಮನೆ ಹಿಡಿದವನು ಎಂದಿಗೆ ಆ ಊರಿನವನಾಗುತ್ತಾನೆ? ಬಾಡಿಗೆಯ ಕರಾರುಪತ್ರವು ಅವನ ವಾಸಕ್ಕೆ ಸಾಕ್ಷಿಯಾಗಬಲ್ಲುದೇ ಹೊರತು ನೆಲೆಗೆ ಸಾಕ್ಷಿಯಾಗಲಾರದು. ವಾಸವು ದೇಹಕ್ಕೆ ಸಂಬಂಧಿಸಿದುದು. ನೆಲೆಯು ಮನಸ್ಸಿಗೆ ಸಂಬಂಧಿಸಿದುದು. ಮೊದಲನೆಯದು ಒಂದು ದಿನದಲ್ಲಿ ಮುಗಿಯುತ್ತದೆ. ಎರಡನೆಯದು ಕೆಲವರಿಗೆ ಜನ್ಮವೆಲ್ಲ ಕಳೆದರೂ ಆರಂಭವಾಗುವುದಿಲ್ಲ.

ಈ ಮಾತಿಗೆ ಅರಸೀಕೆರೆಯಂಥ ಊರು ಒಳ್ಳೆಯ ನಿದರ್ಶನ. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲುಮಾರ್ಗವೂ ಮೈಸೂರಿನಿಂದ ಹಾಸನದ ಮೇಲೆ ಬರುವ ಮಾರ್ಗವೂ ಇಲ್ಲಿ ಕೂಡುತ್ತವೆ. ಬೇಲೂರು ಹಳೇಬೀಡುಗಳನ್ನು ನೋಡಹೊರಟವರಲ್ಲಿ ಎಷ್ಟೋ ಮಂದಿ ಇಲ್ಲಿ ಇಳಿದು ಬಸ್ಸು ಹತ್ತುತ್ತಾರೆ. ಆದುದರಿಂದ ಹೊರಗಿನವರ ಪಾಲಿಗೆ ಇದು ಇಳಿಯುವ ಊರು, ಹತ್ತುವ ಊರು, ಇರುವ ಊರಲ್ಲ. ಹೊಸದಾಗಿ ಬಂದ ಸಂಸಾರವೂ ಮೊದಲ ಕೆಲವು ತಿಂಗಳು ಊರನ್ನು ಹೀಗೆಯೇ ಕಾಣುತ್ತದೆ. ನಿಲ್ದಾಣ, ಕೊಬ್ಬರಿಯ ಮಾರುಕಟ್ಟೆ, ಮಕ್ಕಳ ಶಾಲೆ, ಮನೆ: ಈ ನಾಲ್ಕು ಗೂಟಗಳ ನಡುವೆ ಅದರ ಸಂಚಾರ. ಅರಸಿಯ ಕೆರೆಯೇ ಅರಸೀಕೆರೆಯಾಯಿತೆಂಬುದು ದಿನವೂ ಬರೆಯುವ ವಿಳಾಸದಲ್ಲಿಯೇ ಅಡಗಿದ್ದರೂ, ಆ ಅರಸಿ ಯಾರು, ಆ ಕೆರೆ ಯಾವುದು ಎಂದು ಕೇಳುವ ಕುತೂಹಲ ಹುಟ್ಟುವುದಿಲ್ಲ.

ಮುಂದೆ ಎಂದಾದರೂ ಒಂದು ಸಂಜೆ ಆ ಮನೆಯ ಯಜಮಾನನು ಕೆಲಸವಿಲ್ಲದೆ ನಡೆಯುತ್ತ ಊರ ಶಿವಾಲಯದ ಮುಂದೆ ನಿಲ್ಲುತ್ತಾನೆ. 1220ರ ಸುಮಾರಿನ ಹೊಯ್ಸಳ ಕಟ್ಟಡವದು. ಅದರ ಮುಂದಿನ ಮಂಟಪವು ಹದಿನಾರು ಮೂಲೆಗಳ ನಕ್ಷತ್ರದ ಆಕಾರದಲ್ಲಿದ್ದು ಮೇಲೆ ಗುಮ್ಮಟದಂಥ ಛತ್ತನ್ನು ಹೊತ್ತಿದೆ. ಹೊಯ್ಸಳರ ಕೆಲಸದಲ್ಲಿಯೂ ಇಂಥದು ಅಪೂರ್ವ. ಗುಪ್ತನಿಧಿಯೊಂದನ್ನು ಕಂಡುಹಿಡಿದೆನೆಂದು ಅವನು ಹಿಗ್ಗುತ್ತಾನೆ. ಆದರೆ ಅದು ಯಾರಿಗೆ ಗುಪ್ತವಾಗಿತ್ತು? ದಿನವೂ ಪೂಜೆಗೆ ಬರುವವರಿಗಲ್ಲ, ಜಗಲಿಯ ನೆರಳಿನಲ್ಲಿ ಕೂರುವ ಮುದುಕರಿಗಲ್ಲ. ಮುಚ್ಚಿದ್ದುದು ಗುಡಿಯ ಬಾಗಿಲಲ್ಲ, ಬಂದವನ ಕಣ್ಣು. ಕಂಡುಹಿಡಿಯುವುದೆಂಬ ಮಾತಿನಲ್ಲಿ ಸ್ವಲ್ಪ ಅಹಂಕಾರವುಂಟು. ಇತರರು ಕಾಪಾಡಿಕೊಂಡು ಬಂದುದು ತನಗೆ ದೊರೆಯಿತು ಎನ್ನುವುದೇ ಸತ್ಯಕ್ಕೆ ಹತ್ತಿರವಾದ ಮಾತು.

ಹಾಗೆಂದು ಊರಿನಲ್ಲಿಯೇ ಹುಟ್ಟಿದವನು ನಿರ್ದೋಷಿಯೆಂದು ಹೇಳಲಾಗದು. ಪರಿಚಯವೂ ಒಂದು ಪರದೆಯೇ. ನೆಂಟರು ಬಂದಾಗ ಹಳೇಬೀಡಿನ ಹೊಯ್ಸಳೇಶ್ವರವನ್ನು ತೋರಿಸಿ ಹಿಂದಿರುಗುವವರಲ್ಲಿ, ಅದಕ್ಕೆ ಸಮೀಪದಲ್ಲಿಯೇ ಇರುವ ಜೈನಬಸದಿಗಳ ಕಡೆಗೆ ಹೆಜ್ಜೆ ಹಾಕುವವರು ಎಷ್ಟು ಮಂದಿ? ಹುಲಿಕೆರೆಯ ಮೆಟ್ಟಿಲುಗಳ ಕೊಳವನ್ನೂ ಅದರ ಸುತ್ತಣ ಪುಟ್ಟ ಗುಡಿಗಳನ್ನೂ ನೋಡಿದವರೆಷ್ಟು? ಬಂದವನು ಅರಿಯದುದರಿಂದ ಕಾಣನು. ಇದ್ದವನು ಅರಿತೆನೆಂಬುದರಿಂದ ಕಾಣನು. ಒಬ್ಬನ ಪ್ರಶ್ನೆಯು ಇನ್ನೊಬ್ಬನ ಕಣ್ಣನ್ನು ತೆರೆಸಿದಾಗ ಇಬ್ಬರಿಗೂ ಊರು ಹೊಸದಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ನೆರೆಹೊರೆಯವರ ಕಷ್ಟಸುಖಗಳನ್ನು ವಿಚಾರಿಸುವುದನ್ನು ಬಿಟ್ಟು ಚೆಲುವಾದ ಮೂಲೆಗಳನ್ನು ಅರಸುತ್ತ ತಿರುಗುವುದು ಸೋಮಾರಿಯ ವಿನೋದವಲ್ಲವೆ? ಬರಿಯ ಚೆಲುವಿನಲ್ಲಿ ನಿಂತುಬಿಟ್ಟರೆ ಅಹುದು. ಹಳೇಬೀಡಿನ ಪಾರ್ಶ್ವನಾಥ ಬಸದಿಯ ಕಂಬಗಳು ನೋಡುವವನ ಮುಖವು ಕಾಣುವಷ್ಟು ನುಣುಪಾಗಿವೆ. ಅಲ್ಲಿ ತನ್ನ ಪ್ರತಿಬಿಂಬವನ್ನು ನೋಡಿ ನಕ್ಕು ಬರುವವನು ಅರ್ಧವನ್ನೇ ಕಂಡಂತಾಯಿತು. ಆ ಬಸದಿಯು ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ತೀರಿಕೊಂಡ ಮೇಲೆ ಅವನ ಮಗ ಬೊಪ್ಪನು ತಂದೆಯ ನೆನಪಿಗಾಗಿ 1133ರಲ್ಲಿ ಕಟ್ಟಿಸಿದುದು. ಒಬ್ಬನಿಗೆ ಮನೋಹರವಾದ ಮೂಲೆಯು ಮತ್ತೊಬ್ಬನ ದುಃಖದಿಂದ ಎದ್ದುನಿಂತಿರಬಹುದು. ಇದನ್ನು ತಿಳಿದವನು ಕಂಬದ ಮೇಲೆ ತನ್ನ ಹೆಸರನ್ನು ಕೆತ್ತಲಾರನು. ಸತ್ತವರ ಶೋಕವನ್ನು ಗೌರವಿಸಲು ಕಲಿತ ಮನಸ್ಸು ಪಕ್ಕದ ಮನೆಯ ಶೋಕಕ್ಕೆ ಕಿವುಡಾಗಿಯೂ ಇರಲಾರದು. ಅಲ್ಲದೆ ಇಂಥ ಸ್ಥಳಗಳಿಗೆ ದಾರಿ ಕೇಳದೆ ಹೋಗುವಂತಿಲ್ಲ; ದಾರಿ ಕೇಳುವುದೇ ನೆರೆಯವರೊಡನೆ ಮಾತಿಗೆ ಮೊದಲು.

ನೋಡಿದುದರಿಂದ ಋಣವೂ ಬರುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಇದು ನಾಡಿಗೆ ಹೆಮ್ಮೆಯ ವಿಷಯ. ಅರಸೀಕೆರೆಯ ಶಿವಾಲಯವಾಗಲಿ, ಸಮೀಪದ ಹಾರನಹಳ್ಳಿಯ ಸೋಮೇಶ್ವರ, ಲಕ್ಷ್ಮೀನರಸಿಂಹ ಗುಡಿಗಳಾಗಲಿ ಆ ಪಟ್ಟಿಯಲ್ಲಿಲ್ಲ. ಲೋಕದ ಕಣ್ಣು ಬೀಳದ ಕಡೆಯಲ್ಲಿ ನೆರೆಯವರ ಕಣ್ಣೇ ಕಾವಲು. ಕಾವಲುಗಾರನಿಗೆ ಹೊತ್ತಿನ ಮಿತಿಯುಂಟು, ಅಕ್ಕರೆಗೆ ಅದಿಲ್ಲ. ಕಸವನ್ನು ಎಸೆಯದಿರುವುದು, ಎಸೆಯುವವನಿಗೆ ಒಳ್ಳೆಯ ಮಾತಿನಲ್ಲಿ ಹೇಳುವುದು, ಮಕ್ಕಳನ್ನು ಕರೆತಂದು ಕಥೆ ಹೇಳುವುದು: ಋಣ ತೀರಿಸಲು ಇವಕ್ಕಿಂತ ದೊಡ್ಡ ಸಾಹಸವೇನೂ ಬೇಕಿಲ್ಲ.

ಬಂದವನು ಎಂದಿಗೆ ಊರಿನವನಾಗುತ್ತಾನೆಂಬುದಕ್ಕೆ ವರ್ಷಗಳ ಲೆಕ್ಕವು ಉತ್ತರವಲ್ಲ. ಅವನಿಗಿಂತ ಹೊಸಬನೊಬ್ಬನು ಬಂದು ಗುಡಿಯ ದಾರಿ ಯಾವುದೆಂದು ಕೇಳಿದಾಗ, ಬೆರಳು ತೋರಿಸಿ ಸುಮ್ಮನಾಗದೆ, ಅವನ ಜೊತೆಯಲ್ಲಿ ನಾಲ್ಕು ಹೆಜ್ಜೆ ನಡೆದು ಹೋದನಾದರೆ, ಅಂದಿಗೆ ಅವನು ಆ ಊರಿನವನು.